ನಾಲ್ಕು ತಿಂಗಳಾದರೂ ಬಾಯಿ ಬಿಡದ ಹುಡುಗ: ಎರಡು ತರಗತಿ ಕೆಳಗೆ ಕೂರಿಸಬೇಕೆ?

ಪ್ರಶ್ನೆ: ನಾನು ಐದನೇ ತರಗತಿಯ ಶಿಕ್ಷಕಿ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬದ ಹುಡುಗನೊಬ್ಬ ನಾಲ್ಕು ತಿಂಗಳ ಹಿಂದೆ ನನ್ನ ತರಗತಿಗೆ ಸೇರಿದ. ವಯಸ್ಸು 11, ಮನೆಮಾತು ಅರಬ್ಬಿ. ನಡುವೆ ಎರಡು ವರ್ಷ ಶಾಲೆಯ ಮುಖವನ್ನೇ ನೋಡಿಲ್ಲವಂತೆ. ಇಲ್ಲಿಯವರೆಗೆ ತರಗತಿಯಲ್ಲಿ ಒಂದು ಮಾತೂ ಆಡಿಲ್ಲ. ಮೊನ್ನೆ ನೂರು ಕಡ್ಡಿಗಳ ಒಂದು ಕಟ್ಟು, ಐದು ಬಿಡಿ ಕಡ್ಡಿ ಮುಂದಿಟ್ಟು ಎಷ್ಟೆಂದು ಬರೆಯಲು ಸನ್ನೆ ಮಾಡಿದೆ. ಒಂದು ಗೀಟು, ಪಕ್ಕದಲ್ಲಿ ಒಂದು ಚುಕ್ಕಿ, ಅದರ ಪಕ್ಕ ಒಂದು ಸೊನ್ನೆ ಹಾಕಿಕೊಟ್ಟ. ಗಂಟೆ ಹೊಡೆದರೆ ಬೆಚ್ಚಿ ಬೀಳುತ್ತಾನೆ. ಹೋದ ತಿಂಗಳು ಬೆಂಕಿ ಅವಘಡದ ಅಣಕು ಕವಾಯತಿನ ಸೈರನ್ ಕೇಳಿ ಡೆಸ್ಕಿನ ಕೆಳಗೆ ಸೇರಿಕೊಂಡವನನ್ನು ಹೊರತರಲು ಅರ್ಧ ಗಂಟೆ ಬೇಕಾಯಿತು. ಒಂದನೇ ತರಗತಿಯಲ್ಲಿರುವ ಅವನ ಆರು ವರ್ಷದ ತಂಗಿ ಆಗಲೇ ಪಟಪಟ ಮಾತಾಡುತ್ತಾಳೆ. ನಾವು ಹೇಳಿದ್ದನ್ನು ತಾಯಿಗೆ ತಿಳಿಸುವವಳೂ ಅವಳೇ. ಹುಡುಗನನ್ನು ಮೂರನೇ ತರಗತಿಗೆ ಇಳಿಸೋಣ ಎನ್ನುತ್ತಾರೆ ಮುಖ್ಯೋಪಾಧ್ಯಾಯರು. ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಲಿ ಎಂದು ತಾಯಿಗೆ ಹೇಳಿ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ಇವನು ಬುದ್ಧಿಯಲ್ಲಿ ಹಿಂದುಳಿದವನೇ? ತಜ್ಞರಿಗೆ ತೋರಿಸಬೇಕೆ?

ಉತ್ತರ: ನೀವು ತಪ್ಪು ಎಂದುಕೊಂಡ ಆ ಮೂರು ಗುರುತುಗಳಿಂದಲೇ ಶುರುಮಾಡುತ್ತೇನೆ. ಹುಡುಗ ಬರೆದದ್ದು ಸರಿಯಾಗಿದೆ. ಅರಬ್ಬಿ ಮಾತಾಡುವ ಹಲವು ದೇಶಗಳಲ್ಲಿ ಬಳಸುವ ಅಂಕಿಗಳಲ್ಲಿ ಒಂದು ಎಂದರೆ ಗೀಟು, ಸೊನ್ನೆ ಎಂದರೆ ಚುಕ್ಕಿ, ಐದು ಎಂದರೆ ನಮ್ಮ ಸೊನ್ನೆಯಂಥದೇ ಒಂದು ಉಂಗುರ. ಗೀಟು, ಚುಕ್ಕಿ, ಉಂಗುರ: 105. ಕಟ್ಟನ್ನು ನೂರೆಂದು ಹಿಡಿದು, ಹತ್ತರ ಸ್ಥಾನ ಖಾಲಿ ಎಂದು ತಿಳಿದು, ಅಲ್ಲಿ ಸೊನ್ನೆ ಇಟ್ಟು, ಬಿಡಿಯನ್ನು ಬಿಡಿಯ ಜಾಗದಲ್ಲಿ ಬರೆದಿದ್ದಾನೆ. ಸ್ಥಾನಬೆಲೆ ಗೊತ್ತಿಲ್ಲದವನು ಹೀಗೆ ಬರೆಯಲಾರ. ಎರಡು ವರ್ಷ ಶಾಲೆ ತಪ್ಪಿದರೂ ಅದನ್ನು ಉಳಿಸಿಕೊಂಡು ಬಂದಿದ್ದಾನೆ.

ಒಂದು ಹಾಳೆಯಿಂದ ಎಲ್ಲವೂ ಇತ್ಯರ್ಥವಾಗುವುದಿಲ್ಲ. ನಿಮ್ಮ ಪತ್ರದಲ್ಲಿ ಮೂರು ಬೇರೆಬೇರೆ ತೊಡಕುಗಳು ಒಂದೇ ಗಂಟಾಗಿ ಕೂತಿವೆ: ಹೊಸ ಭಾಷೆ, ತಪ್ಪಿಹೋದ ಓದು, ಹೆದರಿಕೆ. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ, ಮಗು ಸುಮ್ಮನೆ ಕೂತಿರುತ್ತದೆ ಅಷ್ಟೆ. ಆದರೆ ಒಂದೊಂದನ್ನು ಪತ್ತೆಮಾಡುವ ಬಗೆ ಬೇರೆ, ಮದ್ದೂ ಬೇರೆ. ಮೂರನೇ ತರಗತಿಗೆ ಇಳಿಸುವುದು ಈ ಮೂರರಲ್ಲಿ ಯಾವುದಕ್ಕೂ ಮದ್ದಲ್ಲ.

ಮೊದಲು ಮೌನ. ಹೊಸ ಭಾಷೆಯ ನಡುವೆ ಬಂದು ಬಿದ್ದ ಎಷ್ಟೋ ಮಕ್ಕಳು ಮೊದಲ ಕೆಲವು ವಾರ, ಕೆಲವರು ಆರು ತಿಂಗಳವರೆಗೂ, ಆ ಭಾಷೆಯಲ್ಲಿ ಮಾತಾಡುವುದಿಲ್ಲ. ಕಿವಿ ಮಾತ್ರ ಸತತ ಕೆಲಸ ಮಾಡುತ್ತಿರುತ್ತದೆ. ಒಂದು ವಾರ ಅವನನ್ನು ಗಮನಿಸಿ. ‘ಪುಸ್ತಕ ತೆಗೆಯಿರಿ’ ಎಂದಾಗ ಪಕ್ಕದವನನ್ನು ನೋಡಿ ತೆಗೆಯುತ್ತಾನೋ, ನೋಡುವ ಮೊದಲೇ ತೆಗೆಯುತ್ತಾನೋ? ಎಲ್ಲರೂ ಒಟ್ಟಿಗೆ ಪದ್ಯ ಹೇಳುವಾಗ ತುಟಿ ಅಲುಗುತ್ತದೆಯೇ? ಕೇಳಿದ ಚಿತ್ರವನ್ನು ಬೆರಳಿಟ್ಟು ತೋರಿಸುತ್ತಾನೆಯೇ? ಹೌದಾದರೆ ಭಾಷೆ ಒಳಗೆ ಇಳಿಯುತ್ತಿದೆ. ‘ಬಾಯಿಬಿಟ್ಟು ಕೇಳಿದರೆ ಕೊಡುತ್ತೇನೆ’ ಎಂದು ಪೆನ್ಸಿಲ್ ಹಿಡಿದಿಟ್ಟುಕೊಳ್ಳುವುದು, ಎದ್ದು ನಿಲ್ಲಿಸಿ ಹೆಸರು ಹೇಳಿಸುವುದು ಬೇಡವೇ ಬೇಡ. ಹಾಗೆ ಮಾಡಿದಲ್ಲಿ ಮೌನ ಇನ್ನಷ್ಟು ಗಟ್ಟಿಯಾಗಿದ್ದನ್ನೇ ನಾನು ಕಂಡಿದ್ದೇನೆ.

ತಾಯಿಯನ್ನು ಕೇಳಲೇಬೇಕಾದದ್ದು ಒಂದಿದೆ: ಮನೆಯಲ್ಲಿ ಅರಬ್ಬಿಯಲ್ಲಿ ಮಾತಾಡುತ್ತಾನೆಯೇ, ತಂಗಿಯೊಡನೆ ಜಗಳ ಆಡುತ್ತಾನೆಯೇ? ಆಡುತ್ತಾನೆ ಎಂದರೆ ಅರ್ಧ ಚಿಂತೆ ಬಿಡಿ. ಊರು ಬಿಟ್ಟಾಗಿನಿಂದ ಮನೆಯಲ್ಲೂ ಮಾತು ನಿಂತಿದೆ ಎಂದರೆ ತಡಮಾಡದೆ ಮಕ್ಕಳ ಮನೋವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಧಾರಾಳವಾಗಿ ಮಾತಾಡುವವನು ಶಾಲೆಯಲ್ಲಿ ಅರಬ್ಬಿ ಬಲ್ಲವರ ಜೊತೆಗೂ ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ ಎಂದರೆ ಅದು ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಅದು ಆತಂಕದ ಒಂದು ಬಗೆ, ಹಟವಲ್ಲ, ಮತ್ತು ಅದಕ್ಕೆ ಚಿಕಿತ್ಸೆ ಇದೆ. ಇದೆಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸ್ಫೋಟದ ಹತ್ತಿರ ಇದ್ದ ಮಗುವಿನ ಕಿವಿತಮಟೆಗೆ ಪೆಟ್ಟಾಗಿರಬಹುದು, ಕಿವಿ ಸೋರಿಕೆಗೆ ಔಷಧಿ ಸಿಗದೇ ಹೋಗಿರಬಹುದು. ಕಣ್ಣಿನ ಪರೀಕ್ಷೆಯೂ ಜೊತೆಗೇ ಆಗಲಿ. ಇವೆರಡನ್ನು ಬಿಟ್ಟು ತಿಂಗಳುಗಟ್ಟಲೆ ‘ಕಲಿಕಾ ಸಮಸ್ಯೆ’ಯ ಚರ್ಚೆ ನಡೆಸುವ ಶಾಲೆಗಳು ಬೇಕಾದಷ್ಟಿವೆ.

ತಂಗಿಯ ಜೊತೆ ಹೋಲಿಸುವುದನ್ನು ಇಲ್ಲಿಗೇ ನಿಲ್ಲಿಸಿ. ಆರು ವರ್ಷದ ಮಗುವಿಗೆ ಆಟದ ಮೈದಾನದಲ್ಲಿ ನಿಭಾಯಿಸಲು ಬೇಕಾದ ಮಾತು ಸ್ವಲ್ಪ, ತಪ್ಪಾಡಿದರೆ ನಗುವವರೂ ಕಡಿಮೆ. ಹನ್ನೊಂದರ ಹುಡುಗನಿಗೆ ತಪ್ಪಾಡಿದರೆ ಮಾನ ಹೋದಂತೆ. ಚಿಕ್ಕವರೇ ಬೇಗ ಕಲಿಯುತ್ತಾರೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ನೆದರ್‌ಲೆಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಹೊಸಬರನ್ನು ಅಳೆದು 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂದಿದ್ದವರು 12ರಿಂದ 15 ವಯಸ್ಸಿನವರು. ದೊಡ್ಡ ಮಗುವಿಗೆ ಓದುಬರಹದ ಅನುಭವ ಇರುತ್ತದೆ, ಹೊಸ ಭಾಷೆ ಅದರ ಮೇಲೆ ಕೂರುತ್ತದೆ.

ಪಟಪಟ ಮಾತಾಡುವ ತಂಗಿಯ ವಿಷಯದಲ್ಲೇ ನಾನು ಹೆಚ್ಚು ಎಚ್ಚರ ಹೇಳುತ್ತೇನೆ. ಆಡುಮಾತು ಸುಮಾರು ಎರಡು ವರ್ಷದಲ್ಲಿ ಕೈಗೆ ಬರುತ್ತದೆ. ಪಾಠದ ಭಾಷೆಯಲ್ಲಿ ಜೊತೆಯವರ ಮಟ್ಟ ಮುಟ್ಟಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲಿ ಈ ಎರಡನ್ನೂ ಬೇರ್ಪಡಿಸಿ ತೋರಿಸಿದರು. ಯಾವ ಭಾಷೆಯಲ್ಲೂ ಹೀಗೇ, ಕನ್ನಡದಲ್ಲೇ ನೋಡಿ. ‘ಬೆಲೆ’ ಎಂದರೆ ಅಂಗಡಿಯಲ್ಲಿ ದುಡ್ಡು, ಬೀಜಗಣಿತದಲ್ಲಿ ಬೇರೆಯೇ. ‘ಕಳೆ’ ಎಂದರೆ ಹೊಲದಲ್ಲಿ ಕಿತ್ತೆಸೆಯುವ ಗಿಡ, ಮುಖದ ಮೇಲಿದ್ದರೆ ಕಾಂತಿ, ಲೆಕ್ಕದಲ್ಲಿ ವ್ಯವಕಲನ. ‘ಗುಣ’ ಮನುಷ್ಯನಿಗೂ ಇದೆ, ಕಾಯಿಲೆಯಿಂದ ಆಗುವುದೂ ಗುಣ, ಗುಣಿಸಿದರೆ ಗುಣಾಕಾರ. ಹುಟ್ಟಿನಿಂದ ಕೇಳಿದವರಿಗೆ ಈ ತೊಡಕು ಕಾಣುವುದೇ ಇಲ್ಲ. ನಾಲ್ಕನೇ ತರಗತಿಯ ಹೊತ್ತಿಗೆ ಆ ತಂಗಿ ಅಂಕ ಕಳೆದುಕೊಳ್ಳಲು ಶುರುಮಾಡಿದಾಗ ‘ಮಾತು ಚೆನ್ನಾಗೇ ಬರುತ್ತಲ್ಲ, ಸೋಮಾರಿತನ’ ಎನ್ನುತ್ತಾರೆ. ಅವಳ ಕಡತದಲ್ಲಿ ಭಾಷಾ ನೆರವು ಮುಂದುವರಿಯಬೇಕೆಂದು ಈಗಲೇ ಬರೆದಿಡಿ.

ಮನೆಯಲ್ಲೂ ಶಾಲೆಯ ಭಾಷೆ ಆಡಲಿ ಎಂಬ ಸಲಹೆಯನ್ನು ದಯವಿಟ್ಟು ತಾಯಿಗೆ ದಾಟಿಸಬೇಡಿ. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಸಲಹೆ, ಆದರೆ ನಷ್ಟವೇ ಹೆಚ್ಚು. ತನಗೆ ಅರೆಬರೆ ಬರುವ ಭಾಷೆಯಲ್ಲಿ ತಾಯಿ ಮಗನಿಗೆ ‘ಬಾ, ಉಣ್ಣು, ಮಲಗು’ ಎನ್ನಬಲ್ಲಳು. ಕಥೆ ಹೇಳಲಾರಳು, ಗದರಿಸಿ ಸಮಾಧಾನ ಮಾಡಲಾರಳು, ಕೆಟ್ಟ ಕನಸು ಕಂಡು ಎದ್ದವನ ಜೊತೆ ರಾತ್ರಿ ಮಾತಾಡಲಾರಳು. ಮೇಲಾಗಿ ಒಂದು ಭಾಷೆಯಲ್ಲಿ ಓದಲು ಬಲ್ಲ ಮಗು ಇನ್ನೊಂದಕ್ಕೆ ಆ ಕೌಶಲವನ್ನು ಒಯ್ಯುತ್ತದೆ. ಭಿನ್ನರಾಶಿ ಎಂದರೇನು ಎಂಬುದನ್ನು ಎರಡು ಸಲ ಕಲಿಯಬೇಕಿಲ್ಲ, ಹೊಸ ಹೆಸರನ್ನಷ್ಟೇ ಕಲಿಯಬೇಕು. ತಾಯಿಗೆ ಹೀಗೆ ಹೇಳಿ: ದಿನವೂ ಹದಿನೈದು ನಿಮಿಷ ಅರಬ್ಬಿಯಲ್ಲಿ ಓದಿಸಿ. ಓದು ಬರದಿದ್ದರೆ ಅವತ್ತಿನ ಪಾಠದ ಚಿತ್ರ ನೋಡಿ ಅರಬ್ಬಿಯಲ್ಲೇ ಮಾತಾಡಿ.

ಇನ್ನು ಅವನಿಗೆ ಏನು ಬರುತ್ತದೆ ಎಂದು ತಿಳಿಯುವ ಬಗೆ. ಸ್ವೀಡನ್‌ನಲ್ಲಿ ಹೊಸದಾಗಿ ಬಂದ ಮಗುವಿನ ಜ್ಞಾನವನ್ನು ಸೇರಿದ ಎರಡು ತಿಂಗಳೊಳಗೆ ಅಳೆಯಬೇಕೆಂಬ ನಿಯಮವಿದೆ. ನೀವು ನಾಲ್ಕನೇ ತಿಂಗಳಲ್ಲಿದ್ದೀರಿ, ಈ ವಾರವೇ ಮಾಡಿ. ಅರಬ್ಬಿ ಬಲ್ಲ ದೊಡ್ಡವರೊಬ್ಬರು ಬೇಕು. 40 ನಿಮಿಷದ ಎರಡು ಬೈಠಕ್, ಬೇರೆಬೇರೆ ದಿನ. ಮೊದಲ ದಿನ ಓದು: ಒಂದನೆಯ, ಮೂರನೆಯ, ಐದನೆಯ ತರಗತಿಯ ಮಟ್ಟದ ಮೂರು ಅರಬ್ಬಿ ತುಣುಕುಗಳು, ಸುಲಭದ್ದು ಮೊದಲು. ಓದಿ ಮುಗಿಸಿದ ಮೇಲೆ ಏನು ನಡೆಯಿತು ಎಂದು ಅರಬ್ಬಿಯಲ್ಲೇ ಹೇಳಿಸಿ. ಆಮೇಲೆ ಇಷ್ಟದ ಆಟದ ಬಗ್ಗೆ ಐದು ಸಾಲು ಬರೆಸಿ. ಊರು, ಮನೆ, ಪ್ರಯಾಣ ಎಂಬ ವಿಷಯ ಕೊಡಬೇಡಿ. ಎರಡನೇ ದಿನ ಲೆಕ್ಕ: ಪದಗಳಿಲ್ಲದ, ಅಂಕಿಗಳಷ್ಟೇ ಇರುವ ಹಾಳೆ. ಒಂದಂಕಿಯ ಕೂಡುವುದರಿಂದ ಹಿಡಿದು ದಶಕ ತಂದು ಕಳೆಯುವುದು, ಗುಣಾಕಾರ, ಭಾಗಾಕಾರ, ಭಿನ್ನರಾಶಿಯವರೆಗೆ ಏರುತ್ತಾ ಹೋಗಲಿ. ಸತತ ಮೂರು ತಪ್ಪಾದಲ್ಲಿ ನಿಲ್ಲಿಸಿ. ಎಲ್ಲ ಲೆಕ್ಕವನ್ನೂ ಎರಡೂ ಬಗೆಯ ಅಂಕಿಗಳಲ್ಲಿ ಬರೆದುಕೊಡಿ. ಕ್ರಮ ಬೇರೆ ಕಂಡರೆ ತಪ್ಪು ಹಾಕಬೇಡಿ. ಭಾಗಾಕಾರದಲ್ಲಿ ಭಾಜಕವನ್ನು ಬಲಗಡೆ ಬರೆಯುವ ದೇಶಗಳಿವೆ, ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುವ ದೇಶಗಳಿವೆ. ಉತ್ತರಕ್ಕಿಂತ ಅವನು ಅಲ್ಲಿಗೆ ಹೋದ ದಾರಿ ನೋಡಿ. ಕೊನೆಗೆ ಎಲ್ಲಿ ತಡವರಿಸಿದ ಎಂಬುದನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ತಪ್ಪಿದ ಎರಡು ವರ್ಷದ ಓದು ಎಲ್ಲಿ ತೂತಾಗಿದೆ ಎಂಬುದು ಅದೇ ಪುಟದಲ್ಲಿ ಕಾಣುತ್ತದೆ.

ದುಭಾಷಿಯಾಗಿ ತಂಗಿಯನ್ನು ಬಳಸುವುದು ಇವತ್ತಿಗೇ ನಿಲ್ಲಲಿ. ಅಣ್ಣನ ಮೇಲಿನ ದೂರನ್ನು ಆರು ವರ್ಷದ ಮಗು ತಾಯಿಗೆ ಒಪ್ಪಿಸುವಾಗ ಅರ್ಧ ಬಿಟ್ಟುಹೋಗುತ್ತದೆ, ಉಳಿದರ್ಧ ಅವಳ ಎದೆಯ ಮೇಲೆ ಕೂರುತ್ತದೆ. ದೊಡ್ಡವರನ್ನು ಕರೆತರುವಾಗಲೂ ಮೊದಲು ತಾಯಿಯ ಒಪ್ಪಿಗೆ ಕೇಳಿ. ಒಂದೇ ದೇಶದವರು ಎಂದಮಾತ್ರಕ್ಕೆ ಒಂದೇ ಪಕ್ಷದವರಲ್ಲ. ಯಾರಿಂದ ತಪ್ಪಿಸಿಕೊಂಡು ಬಂದರೋ ಅವರ ಕಡೆಯವರೇ ದುಭಾಷಿಯಾಗಿ ಎದುರು ಕೂತರೆ ತಾಯಿ ಬಾಯಿ ಬಿಡುವುದಿಲ್ಲ. ದೂರವಾಣಿ ದುಭಾಷಿ ಸಿಕ್ಕರೆ ಎಷ್ಟೋ ಕುಟುಂಬಗಳಿಗೆ ಅದೇ ನೆಮ್ಮದಿ. ಮಾತಾಡುವಾಗ ದುಭಾಷಿಯನ್ನು ನೋಡದೆ ತಾಯಿಯನ್ನು ನೋಡಿ, ಒಂದೆರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ, ಸಾಮಾನ್ಯ ಸಭೆಯ ಎರಡರಷ್ಟು ಸಮಯ ಇಟ್ಟುಕೊಳ್ಳಿ. ಫೋನಿನ ಅನುವಾದ ಆ್ಯಪ್ ‘ನಾಳೆ ರಜೆ’ ಎಂದು ತಿಳಿಸಲು ಸಾಕು. ಆರೋಗ್ಯ, ಶಿಸ್ತು, ಒಪ್ಪಿಗೆ ಪತ್ರ ಇವುಗಳಿಗೆ ಬೇಡ.

ಈಗ ಮುಖ್ಯೋಪಾಧ್ಯಾಯರ ಮಾತಿಗೆ ಬರೋಣ. ಕೆಳಗೆ ಇಳಿಸಿದರೆ ಪಾಠ ಸುಲಭವಾಗುತ್ತದೆ ಎಂಬುದು ಅವರ ಲೆಕ್ಕ. ಭಾಷೆ ಗೊತ್ತಿಲ್ಲದವನಿಗೆ ಮೂರನೇ ತರಗತಿಯ ಪಾಠವೂ ಐದನೆಯದರ ಹಾಗೆಯೇ ಅರ್ಥವಾಗುವುದಿಲ್ಲ. ಲೆಕ್ಕದಲ್ಲಿ ಗೊತ್ತಿರುವುದನ್ನೇ ಮತ್ತೆ ಮಾಡುತ್ತಾ ಬೇಸರ, ತನಗಿಂತ ಒಂದು ಗೇಣು ಕುಳ್ಳಗಿರುವವರ ನಡುವೆ ಅವಮಾನ, ವಯಸ್ಸಿನ ಗೆಳೆಯರಿಲ್ಲ. ಎರಡು ವರ್ಷ ಹಿಂದಿದ್ದವನು ಹದಿನಾರು ಹದಿನೇಳಕ್ಕೆ ಶಾಲೆ ಬಿಡುವ ಅಪಾಯವೂ ಹೆಚ್ಚು. ಒಂದು ವರ್ಷ ಇಳಿಸುವುದನ್ನು ನಾನು ಒಪ್ಪುವ ಸಂದರ್ಭ ಅಪರೂಪ: ಹುಟ್ಟಿದ ದಿನಾಂಕವೇ ಅನುಮಾನವಿದ್ದು, ಮೈಕಟ್ಟು, ತಾಯಿಯ ನೆನಪು ಎರಡೂ ಚಿಕ್ಕ ವಯಸ್ಸು ಎನ್ನುವಾಗ. ನಿರಾಶ್ರಿತರ ಕಾಗದಗಳಲ್ಲಿ ಜನವರಿ 1 ಎಂಬ ಜನ್ಮದಿನ ಬಹಳ ಕಾಣುತ್ತದೆ. ದಿನಾಂಕ ಗೊತ್ತಿಲ್ಲದವರಿಗೆ ನೋಂದಣಿ ಮಾಡುವವರು ಹಾಕಿದ್ದು ಅದು. ಅಂಥ ಕಾಗದ ನೋಡಿದರೆ ತಾಯಿಯನ್ನು ಒಮ್ಮೆ ಕೇಳಿ.

ಹೊಸಬರಿಗೆಂದೇ ಬೇರೆ ತರಗತಿ ನಡೆಸುವುದು ಎರಡನೆಯ ದಾರಿ. ಅಲ್ಲಿ ಭಾಷೆ ಬೇಗ ಬರುತ್ತದೆ, ಭಯ ಕಡಿಮೆ. ಆದರೆ ಒಳಗೆ ಹೋದವರು ಹೊರಗೆ ಬರುವುದು ಕಷ್ಟ, ವಿಜ್ಞಾನ, ಸಮಾಜದ ಪಾಠ ಎಲ್ಲ ತಪ್ಪಿಹೋಗುತ್ತದೆ, ಸ್ಥಳೀಯ ಗೆಳೆಯ ಒಬ್ಬನೂ ಸಿಗುವುದಿಲ್ಲ. ಸ್ವೀಡನ್ ಇಂಥ ತರಗತಿಗೆ ಗರಿಷ್ಠ ಎರಡು ವರ್ಷದ ಮಿತಿ ಹಾಕಿದೆ. ಅಕ್ಷರವೇ ಕಲಿಯದೆ ಬಂದ ದೊಡ್ಡ ಮಕ್ಕಳಿಗೆ ದಿನದ ಅರ್ಧ ಹೊತ್ತು ಇದು ಬೇಕೇ ಬೇಕು. ನಿಮ್ಮ ಹುಡುಗನಿಗೆ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಉಳಿದದ್ದು ಐದರಲ್ಲೇ ಇಟ್ಟು ನೆರವು ಕೊಡುವುದು. ನಾನು ಇದನ್ನೇ ಆರಿಸುತ್ತೇನೆ, ನೆರವು ನಿಜವಾಗಿ ಸಿಗುವುದಾದರೆ ಮಾತ್ರ. ನೆರವಿಲ್ಲದೆ ಸುಮ್ಮನೆ ಕೂರಿಸಿದರೆ ಅದು ಇಳಿಸುವುದಕ್ಕಿಂತಲೂ ಕೆಟ್ಟದ್ದು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟಿದ್ದೇವಲ್ಲ ಎಂಬ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲೇ, ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಭಾಷೆಯ ಮಕ್ಕಳ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಪಾಠದ ಭಾಷೆಯೇ ಅರ್ಥವಾಗದ ಮಗುವಿಗೆ ಅದೇ ಪುಸ್ತಕ ಕೊಟ್ಟರೆ ಸಮಾನತೆ ಆಗುವುದಿಲ್ಲ ಎಂದಿತು.

ನೆರವು ಎಂದರೆ ಹೀಗೆ. ಪ್ರತಿ ಪಾಠಕ್ಕೆ ಹಿಂದಿನ ದಿನ ಆರರಿಂದ ಎಂಟು ಪದ, ಹೆಚ್ಚು ಬೇಡ: ಪದ, ಚಿತ್ರ, ಅರಬ್ಬಿ ಅರ್ಥ ಇರುವ ಒಂದು ಹಾಳೆ ಮನೆಗೆ ಹೋಗಲಿ. ‘ಆವಿ’ ‘ಘನ’ ಎಂಬಂಥ ವಿಷಯದ ಪದಗಳ ಜೊತೆಗೆ ‘ಹೋಲಿಸಿ’ ‘ಕಾರಣ ಕೊಡಿ’ ‘ಪಟ್ಟಿಮಾಡಿ’ ಕೂಡ ಇರಲಿ. ಪರೀಕ್ಷೆಯಲ್ಲಿ ಮಕ್ಕಳು ಹೆಚ್ಚಾಗಿ ಮುಗ್ಗರಿಸುವುದು ಈ ಎರಡನೆಯ ಬಗೆಯಲ್ಲಿ. ಭಾಷೆಗೆಂದು ದಿನಕ್ಕೆ ಒಂದು ಅವಧಿ ಹೊರಗೆ ಕರೆದೊಯ್ಯುವುದಾದರೆ ಆಟ, ಚಿತ್ರಕಲೆ, ಲೆಕ್ಕದ ಅವಧಿಯಲ್ಲಿ ಬೇಡ. ಅವನು ಗೆಲ್ಲಬಹುದಾದ ಜಾಗಗಳು ಅವೇ. ಪ್ರಶ್ನೆ ಕೇಳಿ ಕಾಯುವುದನ್ನು ರೂಢಿಸಿಕೊಳ್ಳಿ. ಸಾಮಾನ್ಯವಾಗಿ ಶಿಕ್ಷಕರು ಒಂದು ಸೆಕೆಂಡು ಕಾದು ಮುಂದೆ ಹೋಗುತ್ತಾರೆ, ಮೂರು ಸೆಕೆಂಡು ಕಾದರೇ ಎಲ್ಲ ಮಕ್ಕಳ ಉತ್ತರ ಸುಧಾರಿಸುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ತೋರಿಸಿದ್ದಾರೆ. ತಲೆಯಲ್ಲಿ ಎರಡು ಸಲ ಅನುವಾದ ಮಾಡುವವನಿಗೆ ಹತ್ತು ಕೊಡಿ. ಮೊದಲು ಹೌದು/ಅಲ್ಲ ಎಂದು ಕಾರ್ಡು ಎತ್ತಿಸುವ ಪ್ರಶ್ನೆ, ಆಮೇಲೆ ಎರಡರಲ್ಲಿ ಒಂದು ಆರಿಸುವುದು, ಆಮೇಲೆ ‘ನನಗೆ ಅನ್ನಿಸುತ್ತದೆ..., ಏಕೆಂದರೆ...’ ಎಂಬ ಅರ್ಧ ವಾಕ್ಯ ಕೊಟ್ಟು ತುಂಬಿಸುವುದು. ಪ್ರಬಂಧವನ್ನು ಮೊದಲು ಅರಬ್ಬಿಯಲ್ಲಿ ಬರೆಯಲಿ ಬಿಡಿ. ತಿದ್ದುವಾಗ ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ತಿದ್ದಿ. ಹಾಳೆ ತುಂಬ ಕೆಂಪು ಶಾಯಿ ಕಂಡ ಮಗು ಮುಂದಿನ ಸಲ ಎರಡೇ ಸಾಲು ಬರೆಯುತ್ತದೆ.

ಜೊತೆಗಾರ ಒಬ್ಬ ಸಾಲದು, ಇಬ್ಬರಿರಲಿ, ಎರಡು ವಾರಕ್ಕೊಮ್ಮೆ ಬದಲಾಗಲಿ. ಒಬ್ಬನೇ ಆದರೆ ಆ ಮಗು ದಣಿಯುತ್ತದೆ, ಗೈರಾದ ದಿನ ಇವನು ಒಂಟಿ. ಕೆಲಸವನ್ನು ಖಚಿತವಾಗಿ ಹೇಳಿಕೊಡಿ: ಊಟದ ಹೊತ್ತಿಗೆ ಪಕ್ಕ ಕೂರುವುದು, ಶೌಚಾಲಯ ತೋರಿಸುವುದು, ಆಟಕ್ಕೆ ಕರೆಯುವುದು. ಪಾಠ ಹೇಳಿಕೊಡುವುದು ಅವರ ಕೆಲಸವಲ್ಲ. ಅವನ ಹೆಸರನ್ನು ತಾಯಿ ಕರೆಯುವಂತೆಯೇ ಕರೆಯಲು ನೀವೂ ಕಲಿಯಿರಿ, ತರಗತಿಗೂ ಕಲಿಸಿ, ಮೊಟಕು ಮಾಡಬೇಡಿ.

ಹೆದರಿಕೆಯ ವಿಷಯ. ಬೆಚ್ಚುವುದು, ಬಾಗಿಲ ಕಡೆಗೇ ಕಣ್ಣಿಟ್ಟಿರುವುದು, ರಾತ್ರಿ ನಿದ್ದೆಯಿಲ್ಲದೆ ಹಗಲು ತೂಕಡಿಸುವುದು, ಗಮನ ಹಾರುವುದು, ಇವೆಲ್ಲ ಅಪಾಯದಲ್ಲಿ ಬದುಕಿದ ಮೈಯ ಅಭ್ಯಾಸ. ಅಲ್ಲಿ ಅದೇ ಅವನ ಜೀವ ಉಳಿಸಿತ್ತು. ಹೆಚ್ಚಿನ ಮಕ್ಕಳಿಗೆ ಇದು ಕಡಿಮೆಯಾಗುವುದು ದಿನಗಳು ಊಹಿಸಿದಂತೆಯೇ ನಡೆಯತೊಡಗಿದಾಗ. ಡೆಸ್ಕಿನ ಮೇಲೆ ಚಿತ್ರಗಳ ವೇಳಾಪಟ್ಟಿ ಅಂಟಿಸಿ, ಮುಗಿದ ಅವಧಿಯನ್ನು ಅವನೇ ಗೀಟು ಹಾಕಲಿ. ಬಾಗಿಲು ಕಾಣುವ, ಬೆನ್ನಿಗೆ ಗೋಡೆ ಇರುವ ಜಾಗ ಕೊಡಿ. ಮುಂದಿನ ಕವಾಯತು ಯಾವ ದಿನ ಎಂದು ಕಚೇರಿಯಲ್ಲಿ ಕೇಳಿಕೊಳ್ಳಿ. ಹಿಂದಿನ ದಿನ ದುಭಾಷಿಯಿಂದ ಅವನಿಗೂ ತಾಯಿಗೂ ತಿಳಿಸಿ, ಸೈರನ್ ಪೆಟ್ಟಿಗೆ ತೋರಿಸಿ, ಹೊರಹೋಗುವ ದಾರಿಯನ್ನು ಸದ್ದಿಲ್ಲದೆ ಒಮ್ಮೆ ನಡೆಸಿ. ಆ ದಿನ ಸದ್ದಿಗೆ ಎರಡು ನಿಮಿಷ ಮೊದಲೇ ಅವನನ್ನು ಅಂಗಳಕ್ಕೆ ಕರೆದೊಯ್ದು ಪಕ್ಕದಲ್ಲಿ ನಿಲ್ಲಿ. ಮತ್ತೆ ಡೆಸ್ಕಿನ ಕೆಳಗೆ ಸೇರಿದರೆ ಎಳೆಯಬೇಡಿ. ನೀವೂ ನೆಲದ ಮೇಲೆ ಸ್ವಲ್ಪ ದೂರ ಕೂತು, ಮೆಲ್ಲನೆ ಅವನ ಹೆಸರು, ಶಾಲೆಯ ಹೆಸರು, ‘ಇಲ್ಲಿ ಏನೂ ಆಗಿಲ್ಲ’ ಎಂಬ ಮಾತನ್ನು ಅರಬ್ಬಿಯಲ್ಲಿ ಕಲಿತು ಹೇಳಿ.

ಅವನ ಕಥೆಯನ್ನು ನೀವಾಗಿ ಕೇಳಬೇಡಿ. ‘ನನ್ನ ಪ್ರಯಾಣ’ ಎಂಬ ಪ್ರಬಂಧ, ಶಾಲಾ ಸಭೆಯಲ್ಲಿ ಪರಿಚಯ, ಪತ್ರಿಕೆಗೆ ಫೋಟೊ ಎಲ್ಲವೂ ಒಳ್ಳೆಯ ಉದ್ದೇಶದಿಂದಲೇ ನಡೆಯುತ್ತವೆ, ಗಾಯವನ್ನು ಎಲ್ಲರೆದುರು ಬಿಚ್ಚಿಸುತ್ತವೆ. ತಾನಾಗಿ ಹೇಳಿದರೆ ಕೇಳಿ, ತನಿಖೆಯ ಪ್ರಶ್ನೆ ಹಾಕಬೇಡಿ. ಬೆಚ್ಚುವುದು, ಕೆಟ್ಟ ಕನಸು ತಿಂಗಳುಗಟ್ಟಲೆ ಇಳಿಯದೆ ಊಟ, ನಿದ್ದೆ, ಆಟ ಕೆಡಿಸುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮರಳಿದ್ದರೆ, ಕರೆದರೂ ಓಗೊಡದೆ ಕಲ್ಲಿನಂತೆ ಕೂರುತ್ತಿದ್ದರೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು, ಮೈಗೆ ಗಾಯ ಮಾಡಿಕೊಳ್ಳುವುದು ಕಂಡರೆ ಅದೇ ದಿನ.

ಬುದ್ಧಿಯ ಪರೀಕ್ಷೆ? ಸದ್ಯಕ್ಕೆ ಬೇಡ. ಶಾಲೆಯ ಭಾಷೆಯಲ್ಲಿ ನಡೆಸಿದರೆ ಅದು ಭಾಷೆಯನ್ನೇ ಅಳೆಯುತ್ತದೆ. ನಿಜವಾದ ಕಲಿಕಾ ತೊಂದರೆ ಇದ್ದರೆ ಅದು ಅರಬ್ಬಿಯಲ್ಲೂ ಕಾಣಬೇಕು. ನಡೆದದ್ದು, ಮಾತಾಡಿದ್ದು ಯಾವಾಗ, ಒಡಹುಟ್ಟಿದವರಿಗಿಂತ ಮೊದಲಿನಿಂದಲೂ ಬೇರೆಯಾಗಿದ್ದನೇ, ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ತಾಯಿಯನ್ನು ಕೇಳಿ. ಅನುಮಾನ ಬಂದರೆ ‘ಭಾಷೆ ಬರಲಿ, ಆಮೇಲೆ ನೋಡೋಣ’ ಎಂದು ವರ್ಷಗಟ್ಟಲೆ ಮುಂದೂಡುವುದೂ ತಪ್ಪು. ಆಗ ಎರಡೂ ಭಾಷೆಯಲ್ಲಿ ಪರೀಕ್ಷೆ ಆಗಬೇಕು.

ತಾಯಿಯ ಬಗ್ಗೆ ಎರಡೇ ಮಾತು. ಮೊದಲ ಭೇಟಿಗೆ ದೂರು ಹೇಳಲು ಕರೆಯಬೇಡಿ. ಕರೆ ಬಂತೆಂದರೆ ಮಗ ತಪ್ಪು ಮಾಡಿದ್ದಾನೆ ಎಂದೇ ಎಷ್ಟೋ ಪೋಷಕರು ತಿಳಿಯುತ್ತಾರೆ. ವಲಸೆಯ ಸ್ಥಿತಿ, ವೀಸಾ ಎಂಬುದು ಪಾಠಕ್ಕೆ ಬೇಡದ ಮಾಹಿತಿ, ಕೇಳಲೂಬೇಡಿ, ಬರೆದಿಡಲೂಬೇಡಿ. ವರ್ಗಾವಣೆ ಪತ್ರವಿಲ್ಲ ಎಂದು ಕಚೇರಿಯವರು ಗೊಣಗಿದರೆ 1951ರ ನಿರಾಶ್ರಿತರ ಒಪ್ಪಂದದ 22ನೇ ವಿಧಿಯನ್ನು ನೆನಪಿಸಿ: ಸಹಿ ಹಾಕಿದ ದೇಶಗಳು ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತ ಮಗುವನ್ನು ತಮ್ಮ ಮಕ್ಕಳಂತೆಯೇ ಕಾಣಬೇಕು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯೂ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕು ಕೊಡುತ್ತದೆ.

ಮುಖ್ಯೋಪಾಧ್ಯಾಯರ ಬಳಿ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಕಿವಿ ಪರೀಕ್ಷೆಗೆ ಪಡೆದ ದಿನಾಂಕ, ಎರಡು ಬೈಠಕ್‌ಗಳ ಒಂದು ಪುಟದ ಟಿಪ್ಪಣಿ, ಆರು ವಾರದ ನೆರವಿನ ವೇಳಾಪಟ್ಟಿ, ಅದರ ಕೊನೆಗೆ ಮತ್ತೆ ಕೂತು ನೋಡೋಣ ಎಂಬ ದಿನಾಂಕ ಕೈಯಲ್ಲಿರಲಿ. ಎಲ್ಲಕ್ಕಿಂತ ಮೊದಲು ಆ ಗೀಟು, ಚುಕ್ಕಿ, ಉಂಗುರದ ಹಾಳೆಯನ್ನು ಮೇಜಿನ ಮೇಲಿಟ್ಟು ಓದಿ ಹೇಳಿ.